ಪಿಕಪ್ಪಿಗೆ ಹೊಸ ಬ್ರೇಕ್ ಪ್ಯಾಡ್

ನಮ್ಮ ಹಳೇ ಪಿಕಪ್ಪಿನ ಮುಂದಿನ ಬ್ರೇಕ್ ಪ್ಯಾಡುಗಳನ್ನು ಇವತ್ತು ಮನೆ ಮುಂದೆಯೇ ಬದಲಾಯಿಸಿದೆವು, ನಾನು ಮತ್ತು ಅಪ್ಪ. ಚಿಕ್ಕಬಳ್ಳಾಪುರದ ಮಾರ್ಕೆಟ್ಟಿಗೆ ದ್ರಾಕ್ಷಿ, ಹೂವು, ತರಕಾರಿ ಅಂತ ವರ್ಷಗಟ್ಟಲೆ ದುಡಿದ ಗಾಡಿ. ಬ್ರೇಕ್ ಹಿಡಿದಾಗ ಭಾರವೆಲ್ಲ ಮುಂದಕ್ಕೆ ಬರುತ್ತದೆ, ಅದಕ್ಕೇ ಮುಂದಿನ ಬ್ರೇಕಿನ ಮೇಲೆ ಒತ್ತಡ ಜಾಸ್ತಿ.

ಜಾಕ್ ಒಂದನ್ನೇ ನಂಬಬಾರದು. ಅಪ್ಪ ಚಾಸಿ ಕೆಳಗೆ ಸ್ಟ್ಯಾಂಡ್ ಕೊಟ್ಟು, ಹಿಂದಿನ ಚಕ್ರಗಳಿಗೆ ಕಲ್ಲು ಇಟ್ಟ ಮೇಲೇ ಕೆಲಸ ಶುರು ಮಾಡಲು ಬಿಟ್ಟರು. ಚಕ್ರದ ಜೊತೆ ತಿರುಗುವ ಡಿಸ್ಕಿಗೆ ಪ್ಯಾಡುಗಳನ್ನು ಒತ್ತಿ ಹಿಡಿಯುವ ಭಾಗ, ಅಂದರೆ ಕ್ಯಾಲಿಪರ್ ಬಿಚ್ಚಿ, ಬ್ರೇಕ್ ಆಯಿಲ್ ಬರುವ ಹೋಸಿನ ಮೇಲೆ ಭಾರ ಬೀಳದ ಹಾಗೆ ತಂತಿಯಲ್ಲಿ ಕಟ್ಟಿದೆವು. ಹೊಸ ಪ್ಯಾಡ್ ದಪ್ಪ ಇರುತ್ತದೆ ಅಲ್ವಾ, ಅದಕ್ಕೆ ಜಾಗ ಆಗಲು ಕ್ಯಾಲಿಪರಿನಲ್ಲಿ ಪ್ಯಾಡನ್ನು ತಳ್ಳುವ ಪಿಸ್ಟನ್ನನ್ನು ಕ್ಲಾಂಪ್ ಹಾಕಿ ನಿಧಾನವಾಗಿ ಒಳಗೆ ತಳ್ಳಬೇಕು, ಆಗ ಮೇಲಿನ ಡಬ್ಬಿಯಲ್ಲಿ ಬ್ರೇಕ್ ಆಯಿಲ್ ಏರುತ್ತದೆ, ಅದು ಚೆಲ್ಲಿದರೆ ಪೇಂಟ್ ಹಾಳು. ಪ್ಯಾಡಿಗೆ, ಡಿಸ್ಕಿಗೆ ಗ್ರೀಸ್ ಕೈ ತಾಗಲೇಬಾರದು. ಎಲ್ಲಾ ಜೋಡಿಸಿದ ಮೇಲೆ, ಗಾಡಿ ಅಲುಗಾಡಿಸುವ ಮೊದಲೇ ಪೆಡಲ್ ಗಟ್ಟಿಯಾಗುವವರೆಗೂ ತುಳಿಯಬೇಕು. ಇದು ತುಂಬಾ ಮುಖ್ಯ. ಇಲ್ಲದಿದ್ದರೆ ಮೊದಲ ಸಲ ಬ್ರೇಕ್ ಒತ್ತಿದಾಗ ಹಿಡಿಯುವುದೇ ಇಲ್ಲ.

ನಟ್ಟು ಬಿಗಿಯುವಾಗ ಒಂದು ಯೋಚನೆ ಬಂತು. ನಂದಿ ಬೆಟ್ಟದ ತಿರುವುಗಳಲ್ಲಿ ಎದುರಿಗೆ ಬರುವ ಬೈಕಿನವರು ನಮಗೆ ಯಾರೋ ಏನೋ, ಆದರೂ ನಮ್ಮ ಬ್ರೇಕನ್ನು ನಂಬಿಕೊಂಡೇ ಬರುತ್ತಾರೆ. ಲೋಡ್ ಗಾಡಿ ಇಟ್ಟುಕೊಂಡವರು ಪ್ಯಾಡ್ ಪೂರ್ತಿ ಸವೆಯುವವರೆಗೆ ಸುಮ್ನೆ ಕಾಯಬೇಡಿ.

ನಾಳೆಯಿಂದ ಓಡಿಸುವವನು ತಮ್ಮ. ಹೊಸ ಪ್ಯಾಡ್ ಡಿಸ್ಕಿಗೆ ಹೊಂದಿಕೊಳ್ಳಬೇಕು, ಸ್ವಲ್ಪ ದಿನ ಲೋಡ್ ಕಡಿಮೆ ಹಾಕು, ಇಳಿಜಾರಿನಲ್ಲಿ ಕೆಳಗಿನ ಗೇರಿನಲ್ಲೇ ಇಳಿ ಅಂತ ಹೇಳಿದ್ದೇನೆ.