ಸೆಕೆಂಡ್ ಸರ್ವ್ ಪುರಾಣ

ಹೋದ ವರ್ಷ ನಮ್ಮ ಅಪಾರ್ಟ್‌ಮೆಂಟ್ ಟೆನಿಸ್ ಡಬಲ್ಸ್ ಸೆಮಿಫೈನಲ್. ಟೈಬ್ರೇಕಲ್ಲಿ, ಅಂದ್ರೆ ಸಮ ಆದ ಸೆಟ್ಟನ್ನ ತೀರ್ಮಾನ ಮಾಡೋ 7 ಪಾಯಿಂಟ್ ಗೇಮಲ್ಲಿ, ನಾವು 4-5, ಮುಂದಿನ ಎರಡು ಪಾಯಿಂಟ್ ನಂದೇ ಸರ್ವು. ಎರಡೂ ಡಬಲ್ ಫಾಲ್ಟ್, ಅಂದ್ರೆ ಮೊದಲ್ನೇ ಸರ್ವೂ ತಪ್ಪು, ಇನ್ನೊಂದು ಚಾನ್ಸ್ ಅಂತ ಸಿಗೋ ಸೆಕೆಂಡ್ ಸರ್ವೂ ತಪ್ಪು, ಪಾಯಿಂಟ್ ಎದುರಾಳಿಗೆ. ಮ್ಯಾಚ್ ಮುಗೀತು. ಪಾರ್ಟ್ನರ್ ಅಂಕಲ್ ಒಂದ್ ಮಾತೂ ಆಡ್ಲಿಲ್ಲ, ಸುಮ್ನೆ ಬ್ಯಾಗ್ ಜಿಪ್ ಎಳ್ಕೊಂಡು ಹೊರಟ್ರು. ಬೈದಿದ್ರೇ ವಾಸಿ ಇತ್ತು.

ಆರು ವರ್ಷದಿಂದ ಆಡ್ತಿದೀನಿ, ಆದ್ರೆ ಬೆಳಗ್ಗೆ ಕೋರ್ಟಿಗೆ ಹೋಗಿ ಮಾಡ್ತಿದ್ದಿದ್ದು ಒಂದೇ, ಫೋರ್‌ಹ್ಯಾಂಡ್ ರ‍್ಯಾಲಿ, ಯಾಕಂದ್ರೆ ಅದು ಚೆನ್ನಾಗ್ ಬರತ್ತೆ, ಪಕ್ಕದ ಕೋರ್ಟಿನೋರು ತಿರುಗಿ ನೋಡ್ತಾರೆ, ಖುಷಿಯಾಗತ್ತೆ. ಸೆಕೆಂಡ್ ಸರ್ವ್ ಮಾತ್ರ ದೇವ್ರೇ ಕಾಪಾಡಪ್ಪಾ ಅಂತ ಆ ಕಡೆ ತಳ್ಳೋದು, ಅಷ್ಟೆ.

ಆ ಸೋಲಾದ್ಮೇಲೆ ಕೋಚ್ ಹತ್ರ ಹೋದೆ. ನೋಡಿದ ತಕ್ಷಣ ಅವ್ರು ಅಂದಿದ್ದು, "ಸಾರ್, ನೀವು ರಾಕೆಟ್ ಅಲ್ಲ, ತವಾ ಹಿಡ್ಕೊಂಡಿದೀರ". ಎಳನೀರು ಕೆತ್ತೋರು ಮಚ್ಚು ಹಿಡೀತಾರಲ್ಲ, ಅಂಚು ಮುಂದಕ್ಕೆ ಇರತ್ತಲ್ಲ, ಹಾಗೆ ಹಿಡೀಬೇಕಂತೆ. ಹಿಡಿದು ಬಾಲನ್ನ ಕೆಳಗಿಂದ ಮೇಲಕ್ಕೆ ಸವರ್ಕೊಂಡು ಹೋದ್ರೆ ಸ್ಪಿನ್ ಆಗತ್ತೆ, ನೆಟ್ಟಿನ ಮೇಲೆ ಆರಾಮಾಗಿ ಹೋಗಿ ಆಮೇಲೆ ದಬಕ್ ಅಂತ ಇಳಿಯತ್ತೆ. ನೆಟ್ಟು ಮಧ್ಯದಲ್ಲಿ 3 ಅಡಿ ಎತ್ತರ, ಅದ್ರಾಚೆ 21 ಅಡಿ ಒಳಗೆ ಬಾಲ್ ಬೀಳ್ಬೇಕು, ಸ್ಪಿನ್ ಇಲ್ದೆ ಜೋರಾಗ್ ಹೊಡೆದ್ರೆ ಇಳಿಯೋಕೆ ಜಾಗಾನೇ ಸಾಲಲ್ಲ. ನಂಗೆ ಗೊತ್ತಿಲ್ದೆ ಇದ್ದಿದ್ದು ಏನಂದ್ರೆ ಭಯ ಆದಾಗ ಕೈ ನಿಧಾನ ಆಗತ್ತೆ, ಕೈ ನಿಧಾನ ಆದ್ರೆ ಸ್ಪಿನ್ ಸತ್ತೋಗತ್ತೆ, ಆಗ್ಲೇ ಬಾಲ್ ಹೊರಗೆ ಹೋಗೋದು. ಅಂದ್ರೆ ಭಯ ಆದಾಗ್ಲೇ ಇನ್ನೂ ಜೋರಾಗ್ ಬೀಸ್ಬೇಕು! ತಲೆಗೆ ಹೋಯ್ತು, ಕೈಗೆ ಇಳಿಯೋಕೆ ತಿಂಗಳುಗಟ್ಲೆ ಬೇಕಾಯ್ತು.

40 ಹಳೇ ಬಾಲ್ ಒಂದು ಬಕೆಟ್ಟಲ್ಲಿ ಹಾಕ್ಕೊಂಡು ಒಬ್ನೇ ಶುರು ಮಾಡ್ದೆ. ಮೊದಲ್ನೇ ದಿನ ಒಳಗೆ ಬಿದ್ದಿದ್ದು 11. ಕೆಲವು ಫ್ರೇಮಿಗೆ ಬಡ್ದು ಹಿಂದಿನ ಜಾಲರಿಗೆ ಹೋದ್ವು, ಒಂದು ವಾಚ್‌ಮನ್ ಕುರ್ಚಿ ಹತ್ರ. ಅದ್ಕಿಂತ ಕಷ್ಟ ಏನು ಗೊತ್ತಾ, ಗ್ರಿಪ್ ಬದಲಾಯ್ಸಿದ ಮೇಲೆ ಎರಡು ತಿಂಗಳು ಮೊದ್ಲಿಗಿಂತ ಕೆಟ್ಟದಾಗ್ ಆಡ್ದೆ, ನಾನು ಯಾವಾಗ್ಲೂ ಸೋಲಿಸ್ತಿದ್ದೋರ ಹತ್ರಾನೇ ಸೋತೆ. ಜನ ವೀಕ್ನೆಸ್ ಮುಟ್ಟೋಕೆ ಹೋಗದೇ ಇರೋದು ಇದಕ್ಕೇ ಅನ್ಸತ್ತೆ, ಸೋಮಾರಿತನ ಅಲ್ಲ, ಮರ್ಯಾದೆ ಪ್ರಶ್ನೆ.

ಆಗೆಲ್ಲ ಬೆಲಾರಸ್ಸಿನ ಟೆನಿಸ್ ಆಟಗಾರ್ತಿ ಅರಿನಾ ಸಬಲೆಂಕಾ ನೆನಪಾಗೋಳು. 2022ರ ಶುರುವಲ್ಲಿ ಆಸ್ಟ್ರೇಲಿಯಾದ ಅಡಿಲೇಡ್ ಟೂರ್ನೀಲಿ ಅವಳ ಸರ್ವ್ ಎಷ್ಟು ಕೆಟ್ಟಿತ್ತು ಅಂದ್ರೆ ಕೆಳಗಿಂದ ಕೈ ಬೀಸಿ ಅಂಡರ್‌ಆರ್ಮ್ ಸರ್ವ್ ಮಾಡೋ ಗತಿ ಬಂತು, ಆ ವರ್ಷ 400ಕ್ಕಿಂತ ಜಾಸ್ತಿ ಡಬಲ್ ಫಾಲ್ಟ್. ಬಯೋಮೆಕ್ಯಾನಿಕ್ಸ್, ಅಂದ್ರೆ ಮೈ ಕೈ ಚಲನೆಯ ಲೆಕ್ಕಾಚಾರ, ಗೊತ್ತಿರೋರನ್ನ ಇಟ್ಕೊಂಡು ಸರ್ವನ್ನ ರಿಪೇರಿ ಮಾಡ್ಕೊಂಡ್ಲು, 2023 ಜನವರೀಲಿ ಆಸ್ಟ್ರೇಲಿಯನ್ ಓಪನ್ ಗೆದ್ಲು. ಫೈನಲ್ಲಲ್ಲಿ ಮೊದಲ್ನೇ ಚಾಂಪಿಯನ್‌ಶಿಪ್ ಪಾಯಿಂಟಲ್ಲಿ, ಅಂದ್ರೆ ಇನ್ನೊಂದು ಪಾಯಿಂಟ್ ಬಂದ್ರೆ ಕಪ್ ಅನ್ನೋವಾಗ, ಏನಾಯ್ತು ಹೇಳಿ? ಡಬಲ್ ಫಾಲ್ಟ್! ಅದನ್ನ ನೋಡಿ ನಂಗೆ ಎಷ್ಟು ಸಮಾಧಾನ ಆಯ್ತು ಅಂದ್ರೆ ಹೇಳೋಕೇ ನಾಚಿಕೆ.

ಈಗ ಅಂಕಲ್ ಜೊತೆ ಪ್ರಾಕ್ಟೀಸ್ ಸೆಟ್ ಆಡೋವಾಗ ನಂಗೆ ಒಂದೇ ಸರ್ವ್, ಅದೂ ಸೆಕೆಂಡ್ ಸರ್ವ್, ಹೋದ್ರೆ ಪಾಯಿಂಟ್ ಹೋಯ್ತು. ಅವ್ರಿಗೆ ಈ ರೂಲ್ ಬಹಳ ಇಷ್ಟ ಆಗಿದೆ. ನಿನ್ನೆ ಬಕೆಟ್ ಲೆಕ್ಕ 40ಕ್ಕೆ 27. ಒಂದು ಕಾಂಪೌಂಡ್ ಆಚೆ ಹೋಯ್ತು, ಹಾಗಾಗಿ ಇವತ್ತಿಂದ 39.