ನಿಮ್ಮ ಕಾದಂಬರಿಗಳೆಲ್ಲ ಯಾಕೆ ಸುಖವಾಗಿಯೇ ಮುಗಿಯುತ್ತವೆ?

ನಾನು ಫ್ಯಾಂಟಸಿ, ಅಂದ್ರೆ ಮಾಯಾಲೋಕದ ಕತೆ ಬರೆಯುತ್ತೇನೆ. ಅದರೊಳಗೆ ಪ್ರೇಮಕತೆ ಬರೆಯುತ್ತೇನೆ. ಪ್ರೇಮಿಗಳು ಹೆಚ್ಚಾಗಿ ಇಬ್ಬರು ಗಂಡಸರು, ಕೆಲವೊಮ್ಮೆ ಇಬ್ಬರು ಹೆಂಗಸರು, ಒಮ್ಮೊಮ್ಮೆ ಎರಡೂ ಅಲ್ಲದವರು. ನಾನೂ ಕ್ವೀರ್, ಅಂದ್ರೆ ಇಂಥವರ ಗುಂಪಿಗೇ ಸೇರಿದ ಜೀವ. ಇಷ್ಟು ಗೊತ್ತಾದ ಮೇಲೆ ಜನ ಕೇಳುವುದು ಹೆಚ್ಚುಕಡಿಮೆ ಒಂದೇ ಪ್ರಶ್ನೆ: "ಕೊನೆಗೆ ಎಲ್ಲರೂ ಸುಖವಾಗಿರುತ್ತಾರಲ್ಲ, ನಿಜ ಜೀವನ ಹಾಗಿರುತ್ತಾ?" ಕೆಲವರು ಕಾಳಜಿಯಿಂದ ಕೇಳುತ್ತಾರೆ. ಇನ್ನು ಕೆಲವರ ದನಿಯಲ್ಲಿ ಸಣ್ಣ ಕೊಂಕು ಇರುತ್ತದೆ. ಗಂಭೀರ ಸಾಹಿತ್ಯ ಅಂದ್ರೆ ಯಾರಾದರೂ ಸಾಯಬೇಕು, ನೀವು ಸುಲಭದ ದಾರಿ ಹಿಡಿದಿದ್ದೀರಿ ಅಂತ. ಎದುರಿಗೆ ನಿಂತು ಹೇಳುವ ಉತ್ತರ ಯಾವಾಗಲೂ ಅರ್ಧಕ್ಕೇ ನಿಲ್ಲುತ್ತದೆ. ಇಲ್ಲಿ ಪೂರ್ತಿ ಹೇಳುತ್ತೇನೆ.

ಮೊದಲು ಚಿಕ್ಕ ಉತ್ತರ. ರೋಮ್ಯಾನ್ಸ್ ಅನ್ನುವ ಪ್ರಕಾರದ ಕರಾರೇ ಅದು. ಪತ್ತೇದಾರಿ ಕಾದಂಬರಿಯಲ್ಲಿ ಕೊಲೆಗಾರ ಸಿಗಬೇಕು, ರೋಮ್ಯಾನ್ಸ್‌ನಲ್ಲಿ ಪ್ರೇಮಿಗಳು ಒಟ್ಟಿಗೆ ಉಳಿಯಬೇಕು. ಕೊಲೆಗಾರ ಸಿಕ್ಕಿಬಿಟ್ಟ ಅಂತ ಪತ್ತೇದಾರಿ ಬರೆಯುವವರನ್ನು ಯಾರೂ ತರಾಟೆಗೆ ತೆಗೆದುಕೊಳ್ಳುವುದಿಲ್ಲ. ಆದರೆ ಇದು ಯಾವ ರೋಮ್ಯಾನ್ಸ್ ಲೇಖಕರಾದರೂ ಕೊಡಬಹುದಾದ ಉತ್ತರ. ನಮ್ಮಂಥವರ ಕತೆಗಳಿಗೆ ಬೇರೆಯದೇ ಚರಿತ್ರೆ ಇದೆ. ಬಹಳ ಕಾಲ ಸಲೀಸಾಗಿ ಅಚ್ಚಾಗುತ್ತಿದ್ದದ್ದು ದುಃಖಾಂತ್ಯ. ಸುಖಾಂತ್ಯ ಬರೆದವರೇ ಒದ್ದಾಡಿದ್ದು.

ಇಂಗ್ಲೆಂಡಿನ ಲೇಖಕ ಇ.ಎಂ. ಫಾರ್ಸ್ಟರ್ 'ಮಾರಿಸ್' ಕಾದಂಬರಿ ಬರೆದದ್ದು 1913-14ರಲ್ಲಿ. ಇಬ್ಬರು ಗಂಡಸರು ಪ್ರೀತಿಸಿ, ಕೊನೆಗೆ ಜೊತೆಯಾಗಿಯೇ ಉಳಿಯುವ ಕತೆ. ಅದು ಹೊರಬಂದದ್ದು 1971ರಲ್ಲಿ, ಅವರು ತೀರಿಕೊಂಡ ಮರುವರ್ಷ. ಯಾಕೆ ಅಷ್ಟು ಕಾಲ ಪೆಟ್ಟಿಗೆಯಲ್ಲಿತ್ತು ಅನ್ನುವುದನ್ನು ಅವರೇ 1960ರಲ್ಲಿ ಬರೆದ ಟಿಪ್ಪಣಿಯಲ್ಲಿ ಬಿಡಿಸಿ ಹೇಳಿದ್ದಾರೆ. ಕತೆ ನೇಣಿನಲ್ಲೋ ಜೋಡಿ ಆತ್ಮಹತ್ಯೆಯಲ್ಲೋ ಮುಗಿದಿದ್ದರೆ ತೊಂದರೆಯೇ ಇರುತ್ತಿರಲಿಲ್ಲ. ಪ್ರೇಮಿಗಳು ಶಿಕ್ಷೆಯಿಲ್ಲದೆ ಪಾರಾಗುತ್ತಾರೆ, ತಕರಾರು ಅಲ್ಲೇ. ಇಂಗ್ಲೆಂಡಿನಲ್ಲಿ ಗಂಡಸರ ನಡುವಿನ ಸಂಬಂಧ ಅಪರಾಧಗಳ ಪಟ್ಟಿಯಿಂದ ಹೊರಬಂದದ್ದು 1967ರಲ್ಲಿ, ಅದೂ ಷರತ್ತುಗಳ ಜೊತೆ. ಅಲ್ಲಿಯವರೆಗೆ ಒಂದು ಸುಖಾಂತ್ಯವನ್ನು ಅಚ್ಚುಹಾಕುವುದೇ ಕಾನೂನಿನ ಜೊತೆ ಜಗಳ.

ಅಮೆರಿಕದ ಕತೆ ಇನ್ನೂ ವಿಚಿತ್ರ. 1952ರಲ್ಲಿ 'ಸ್ಪ್ರಿಂಗ್ ಫೈರ್' ಅನ್ನುವ ಅಗ್ಗದ ಪೇಪರ್‌ಬ್ಯಾಕ್ ಬಂತು. ಕಾಲೇಜಿನ ಇಬ್ಬರು ಹುಡುಗಿಯರ ಪ್ರೇಮಕತೆ. ವಿನ್ ಪ್ಯಾಕರ್ ಅನ್ನುವ ಹೆಸರಿನಲ್ಲಿ ಬರೆದವರು ಮಾರಿಜೇನ್ ಮೀಕರ್. ಸಂಪಾದಕರು ಮೊದಲೇ ಷರತ್ತು ಹಾಕಿದ್ದರು: ಪುಸ್ತಕ ಅಂಚೆಯಲ್ಲಿ ಹೋಗುತ್ತದೆ, ಅಂಚೆ ಇಲಾಖೆಯವರು ತಡೆಹಿಡಿಯಬಹುದು, ಆದ್ದರಿಂದ ಇಂಥ ಪ್ರೀತಿಯನ್ನು ಒಪ್ಪಿದ ಹಾಗೆ ಕಾಣುವ ಕೊನೆ ಬೇಡ. ಹಾಗಾಗಿ ಒಬ್ಬಳಿಗೆ ಹುಚ್ಚು ಹಿಡಿಯುತ್ತದೆ. ಇನ್ನೊಬ್ಬಳಿಗೆ ತಾನು ಅವಳನ್ನು ಪ್ರೀತಿಸಿಯೇ ಇರಲಿಲ್ಲ ಅಂತ ಇದ್ದಕ್ಕಿದ್ದಂತೆ ಹೊಳೆಯುತ್ತದೆ. ಪುಸ್ತಕ ಲಕ್ಷಗಟ್ಟಲೆ ಪ್ರತಿ ಖರ್ಚಾಯಿತು. ನನ್ನನ್ನು ಕಾಡುವುದು ಈ ಮಾರಾಟವೇ. ಅಷ್ಟೊಂದು ಹೆಂಗಸರು ಮೊದಲ ಸಲ ತಮ್ಮಂಥವರ ಕತೆಯನ್ನು ಕೈಗೆತ್ತಿಕೊಂಡಿರಬೇಕು, ಕೊನೆಯ ಪುಟದಲ್ಲಿ ಸಿಕ್ಕಿದ್ದು ಹುಚ್ಚಾಸ್ಪತ್ರೆ. ಅದನ್ನು ಬರೆಸಿದ್ದು ಅಂಚೆ ಇಲಾಖೆಯ ಭಯ. ಅದನ್ನೇ ಇವತ್ತಿಗೂ ಕೆಲವರು 'ವಾಸ್ತವ' ಅಂತ ಓದುತ್ತಾರೆ.

ಅದೇ 1952ರಲ್ಲಿ ಪೆಟ್ರೀಷಿಯಾ ಹೈಸ್ಮಿತ್ ಅವರ 'ದಿ ಪ್ರೈಸ್ ಆಫ್ ಸಾಲ್ಟ್' ಬಂತು. ಅವರಿಗೆ ಆಗಲೇ ಹೆಸರಿತ್ತು, ಮೊದಲ ಕಾದಂಬರಿಯನ್ನು ಹಿಚ್‌ಕಾಕ್ ಸಿನಿಮಾ ಮಾಡಿದ್ದರು. ಆದರೂ ಇದಕ್ಕೆ ಕ್ಲೇರ್ ಮಾರ್ಗನ್ ಅನ್ನುವ ಹೆಸರು ಇಟ್ಟುಕೊಂಡರು. ಇದರ ಕೊನೆಯಲ್ಲಿ ಇಬ್ಬರು ಹೆಂಗಸರ ಮುಂದೆ ಒಟ್ಟಿಗೆ ಬಾಳುವ ದಾರಿ ತೆರೆದಿರುತ್ತದೆ, ಅಷ್ಟೇ. ಮದುವೆ ಇಲ್ಲ, ವಾದ್ಯ ಇಲ್ಲ. ಅಷ್ಟಕ್ಕೇ ಓದುಗರ ಕಾಗದಗಳು ರಾಶಿ ರಾಶಿ ಬಂದವು. ಆ ಪುಸ್ತಕದ ಮೇಲೆ ಅವರ ನಿಜವಾದ ಹೆಸರು ಬರಲು 1990ರವರೆಗೆ ಕಾಯಬೇಕಾಯಿತು. (ಮೀಕರ್ ಮತ್ತು ಹೈಸ್ಮಿತ್ ಆಮೇಲೆ ಕೆಲಕಾಲ ಪ್ರೇಮಿಗಳಾಗಿದ್ದರು. ಆ ದಿನಗಳ ಬಗ್ಗೆ ಮೀಕರ್ 2003ರಲ್ಲಿ ಒಂದು ಪುಸ್ತಕವನ್ನೇ ಬರೆದರು. ಆ ಮನೆಯಲ್ಲಿ ಕಾದಂಬರಿಯ ಕೊನೆಗಳ ಬಗ್ಗೆ ಎಂಥ ಮಾತು ನಡೆದಿರಬಹುದು ಅಂತ ನಾನು ಸುಮ್ನೆ ಊಹಿಸಿಕೊಳ್ಳುತ್ತಿರುತ್ತೇನೆ.)

ಇದೆಲ್ಲ ಹಳೇ ಕತೆ ಅಂತೀರಾ? 2016ರಲ್ಲಿ 'ದಿ ಹಂಡ್ರೆಡ್' ಅನ್ನುವ ಟಿವಿ ಸರಣಿಯಲ್ಲಿ ಲೆಕ್ಸಾ ಅನ್ನುವ ಪಾತ್ರ ಸತ್ತಿತು. ಯೋಧರ ನಾಯಕಿ, ಹೆಂಗಸನ್ನು ಪ್ರೀತಿಸುವವಳು. ಅವಳೂ ಅವಳ ಪ್ರೇಯಸಿಯೂ ಕೊನೆಗೂ ಒಂದಾದ ಬೆನ್ನಿಗೇ ಲೆಕ್ಸಾ ಬೇರೆ ಯಾರಿಗೋ ಇಟ್ಟ ಗುರಿಯ ಗುಂಡು ತಾಗಿ ಸತ್ತಳು. ಯುದ್ಧದಲ್ಲೂ ಅಲ್ಲ. ನೋಡುಗರು ಸಿಟ್ಟಿಗೆದ್ದದ್ದು ಸಾವಿಗಲ್ಲ, ಆ ಸರಣಿಯಲ್ಲಿ ಸಾಯುವವರು ಬೇಕಾದಷ್ಟಿದ್ದರು. ಸಂತೋಷಕ್ಕೂ ಸಾವಿಗೂ ನಡುವೆ ಕೆಲವೇ ನಿಮಿಷ ಇಟ್ಟ ಆ ಹಳೇ ಲೆಕ್ಕಕ್ಕೆ ಸಿಟ್ಟಾದರು.

ಸರಿ, ಸುಖಾಂತ್ಯ ಬೇಕು ಅಂದುಕೊಳ್ಳೋಣ. ಅದಕ್ಕೆ ಮಾಯಾಲೋಕ ಯಾಕೆ? ನಿಜ ಲೋಕವನ್ನು ಬರೆಯುವವರು ಇದ್ದಾರೆ. ವಸುಧೇಂದ್ರರ 'ಮೋಹನಸ್ವಾಮಿ' ಓದಿದವರಿಗೆ ಅಂಥ ಕತೆಗಳ ಬಲ ಎಷ್ಟು ಅಂತ ಗೊತ್ತು. ನನ್ನ ಮನಸ್ಸು ಹರಿಯುವುದು ಇನ್ನೊಂದು ಕಡೆ. ಫ್ಯಾಂಟಸಿಯಲ್ಲಿ ಕಾನೂನು ಬರೆಯುವವರು ನಾವು. ಲೇಖಕಿ ಉರ್ಸುಲಾ ಲೆ ಗ್ವಿನ್ 1969ರ ತಮ್ಮ ಕಾದಂಬರಿಯಲ್ಲಿ ಒಂದು ಗ್ರಹವನ್ನೇ ಕಟ್ಟಿದರು, ಅಲ್ಲಿಯವರು ಕಾಯಂ ಆಗಿ ಗಂಡೂ ಅಲ್ಲ, ಹೆಣ್ಣೂ ಅಲ್ಲ. 1987ರಲ್ಲಿ ಎಲೆನ್ ಕುಶ್ನರ್ ಅವರ 'ಸೋರ್ಡ್ಸ್‌ಪಾಯಿಂಟ್' ಬಂತು. ಅದರಲ್ಲಿ ಒಬ್ಬ ಕತ್ತಿವರಸೆಗಾರ, ಅವನ ಜೊತೆಗಾರ ಇನ್ನೊಬ್ಬ ಗಂಡಸು, ಊರಿನವರು ಯಾರೂ ಹುಬ್ಬೇರಿಸುವುದಿಲ್ಲ. ಮರ್ಸಿಡಿಸ್ ಲಾಕಿ 1989ರಲ್ಲಿ ಶುರು ಮಾಡಿದ ಮೂರು ಪುಸ್ತಕಗಳ ಸರಣಿಯ ನಾಯಕ ಗಂಡಸರನ್ನು ಪ್ರೀತಿಸುವ ಮಂತ್ರವಾದಿ. ನನಗೆ ಬಹಳ ಇಷ್ಟವಾದ ಪುಸ್ತಕಗಳು. ಆದರೆ ಅಲ್ಲೂ ಅವನ ಮೊದಲ ಪ್ರೇಮಿ ಆತ್ಮಹತ್ಯೆ ಮಾಡಿಕೊಳ್ಳುತ್ತಾನೆ, ಕೊನೆಗೆ ನಾಯಕನೂ ಸಾಯುತ್ತಾನೆ. ಡ್ರ್ಯಾಗನ್ ಬೇಕಾದರೂ ಹಾರಿಸಬಹುದು, ಇವರಿಬ್ಬರನ್ನು ಬದುಕಿಸುವುದು ಮಾತ್ರ ಆಗ ಅಷ್ಟು ಸುಲಭ ಇರಲಿಲ್ಲ, ಅಲ್ವಾ?

ನನ್ನ ರಾಜ್ಯಗಳಲ್ಲಿ ಯಾರೂ ಈ ಪ್ರೀತಿಗೆ ಹುಬ್ಬು ಗಂಟಿಕ್ಕುವುದಿಲ್ಲ. ಇದು ಪಲಾಯನ ಅಂತ ಟೀಕೆ ಬರುತ್ತದೆ. ಬರೆದು ನೋಡಿ, ಆಗ ಗೊತ್ತಾಗುತ್ತದೆ. ಒಂದೇ ಒಂದು ನಿಯಮ ಬದಲಾಯಿಸಿದರೆ ಇಡೀ ರಾಜ್ಯದ ಲೆಕ್ಕ ಬದಲಾಗುತ್ತದೆ. ರಾಜ ಇನ್ನೊಬ್ಬ ಗಂಡಸನ್ನು ಮದುವೆಯಾದರೆ ಸಿಂಹಾಸನ ಯಾರಿಗೆ? ದತ್ತು ತಗೊಳ್ಳಬಹುದು. ಹಾಗಾದರೆ ದತ್ತು ಯಾರು ಅನ್ನುವುದರ ಮೇಲೆ ಆಸ್ಥಾನದಲ್ಲಿ ಕತ್ತಿ ಹಿರಿಯುತ್ತಾರೆ. ತಂಗಿಯ ಮಕ್ಕಳಿಗೆ ಕೊಡಬಹುದು. ಆಗ ತಂಗಿಯ ಗಂಡನೇ ರಾಜ್ಯದ ಅತಿ ಅಪಾಯದ ಮನುಷ್ಯ. ಎರಡು ರಾಜ್ಯಗಳ ಸಂಧಿಗೆ ಇಬ್ಬರು ರಾಜಕುಮಾರಿಯರ ಮದುವೆ ಆದರೆ ಯಾರು ಯಾರ ಊರಿಗೆ ಹೋಗಬೇಕು? ಗಡಿಯ ಕೋಟೆ ಯಾರ ಪಾಲಿಗೆ? ಇದೆಲ್ಲ ಬರೀ ಕಲ್ಪನೆ ಅಲ್ಲ. ರೋಮಿನ ಸಾಮ್ರಾಟ ಹೇಡ್ರಿಯನ್ ತನ್ನ ಪ್ರೀತಿಯ ಆಂಟಿನಸ್ 130ರಲ್ಲಿ ನೈಲ್ ನದಿಯಲ್ಲಿ ಸತ್ತಾಗ ಅವನ ಹೆಸರಿನಲ್ಲಿ ಒಂದು ಪಟ್ಟಣ ಕಟ್ಟಿಸಿದ, ಅವನನ್ನು ದೇವರು ಮಾಡಿದ. ಸಿಂಹಾಸನದ ಪ್ರಶ್ನೆ ಬಂದಾಗ 138ರಲ್ಲಿ ಆಂಟೊನೈನಸ್‌ನನ್ನು ದತ್ತು ತೆಗೆದುಕೊಂಡ. ಅಲ್ಲಿಗೂ ನಿಲ್ಲಲಿಲ್ಲ, ಅವನು ಮುಂದೆ ಯಾರನ್ನು ದತ್ತು ತೆಗೆದುಕೊಳ್ಳಬೇಕು ಅಂತಲೂ ತಾನೇ ಗೊತ್ತುಮಾಡಿದ. ನನ್ನಂಥವರಿಗೆ ಇಂಥ ಚರಿತ್ರೆಯೇ ಬಂಡವಾಳ.

ಇನ್ನು ಹೊಟ್ಟೆಪಾಡು. ಇದನ್ನೂ ಕೇಳುತ್ತಾರೆ, ಸ್ವಲ್ಪ ದನಿ ತಗ್ಗಿಸಿ. ಸುಖಾಂತ್ಯಕ್ಕೂ ಇದಕ್ಕೂ ನಂಟಿದೆ. ದೊಡ್ಡ ಪ್ರಕಾಶಕರು ನಮ್ಮ ಕತೆಗಳನ್ನು ಮುಟ್ಟಲು ಹಿಂಜರಿಯುತ್ತಿದ್ದಾಗ ಇ-ಬುಕ್ ಬಾಗಿಲು ತೆರೆಯಿತು. ಇ-ಬುಕ್‌ನಲ್ಲಿ ನೀವೇನು ಓದುತ್ತಿದ್ದೀರಿ ಅಂತ ಪಕ್ಕದವರಿಗೆ ಕಾಣಲ್ಲ. ನಮ್ಮ ಓದುಗರಲ್ಲಿ ಎಷ್ಟೋ ಜನಕ್ಕೆ ಅದೇ ದೊಡ್ಡ ವರ. ಅಮೆಜಾನ್‌ನ ಇ-ಬುಕ್ ಅಂಗಡಿ ಕಿಂಡಲ್‌ನಲ್ಲಿ ಸ್ವಂತವಾಗಿ ಪ್ರಕಟಿಸಿದರೆ, ಬೆಲೆ 2.99ರಿಂದ 9.99 ಡಾಲರ್ ಒಳಗಿದ್ದರೆ ಲೇಖಕರಿಗೆ ಶೇ. 70 ಬರುತ್ತದೆ, ಆಚೀಚೆ ಆದರೆ ಶೇ. 35. ದೊಡ್ಡ ಪ್ರಕಾಶನ ಸಂಸ್ಥೆಗಳು ಇ-ಬುಕ್‌ಗೆ ಸಾಮಾನ್ಯವಾಗಿ ಕೊಡುವುದು ತಮ್ಮ ಕೈಗೆ ಬಂದದ್ದರಲ್ಲಿ ಶೇ. 25. ಕೇಳಲು ಚೆನ್ನಾಗಿದೆ. ಆದರೆ ಮುಖಪುಟ, ಸಂಪಾದನೆ, ಜಾಹೀರಾತು ಎಲ್ಲ ನಮ್ಮದೇ ಕಿಸೆಯಿಂದ. ಓದುಗರು ಚಂದಾ ಕಟ್ಟಿ ಓದುವ ಕಿಂಡಲ್ ಅನ್‌ಲಿಮಿಟೆಡ್‌ಗೆ ಸೇರಿಸಿದರೆ ಓದಿದ ಪುಟಕ್ಕೆ ಇಷ್ಟು ಅಂತ ಬರುತ್ತದೆ, ಆದರೆ 90 ದಿನ ಆ ಇ-ಬುಕ್ ಬೇರೆಲ್ಲೂ ಇಡುವಂತಿಲ್ಲ. ಪುಟದ ಲೆಕ್ಕ ಅಂದಮೇಲೆ ಓದುಗರು ಕೊನೆವರೆಗೆ ಬರಬೇಕು, ಮುಂದಿನ ಭಾಗಕ್ಕೂ ಬರಬೇಕು. ನಮ್ಮಲ್ಲಿ ಸರಣಿಗಳು ಜಾಸ್ತಿ ಇರುವುದಕ್ಕೆ ಅದೂ ಒಂದು ಕಾರಣ. ಕೊನೆಯಲ್ಲಿ ಮೋಸ ಮಾಡಿದ ಲೇಖಕರ ಎರಡನೇ ಪುಸ್ತಕವನ್ನು ರೋಮ್ಯಾನ್ಸ್ ಓದುಗರು ಮುಟ್ಟುವುದಿಲ್ಲ.

ಕಪಾಟಿನ ತೊಂದರೆ ಬೇರೆ. ಫ್ಯಾಂಟಸಿ ಓದುಗರು ಮುತ್ತು ಜಾಸ್ತಿ ಅಂತಾರೆ, ರೋಮ್ಯಾನ್ಸ್ ಓದುಗರು ಭೂಪಟ ಜಾಸ್ತಿ ಅಂತಾರೆ. ಇಬ್ಬರನ್ನೂ ಒಂದೇ ಅಧ್ಯಾಯದಲ್ಲಿ ಸಮಾಧಾನ ಮಾಡುವುದು ಹೇಗೆ ಅಂತ ಇನ್ನೂ ಹುಡುಕುತ್ತಿದ್ದೇನೆ.

"ಇದೆಲ್ಲ ನಿಮ್ಮದೇ ಕತೆನಾ?" ಅಂತ ಕೇಳುವವರಿಗೆ: ಇಲ್ಲ. ನನ್ನ ಜೀವನದಲ್ಲಿ ಇಷ್ಟೊಂದು ಕುದುರೆಗಳಿಲ್ಲ.

ಕೊನೆಗೆ ಒಂದು ಮಾತು, ಸುಖಾಂತ್ಯ ಅಂದ ತಕ್ಷಣ ದುಃಖ ಇಲ್ಲ ಅಂದುಕೊಳ್ಳುವವರಿಗೆ. ನನ್ನ ಪಾತ್ರಗಳು ಕೈ ಕಳೆದುಕೊಳ್ಳುತ್ತವೆ, ತಾಯಿಯನ್ನು ಕಳೆದುಕೊಳ್ಳುತ್ತವೆ, ಒಂದು ಕಾದಂಬರಿಯಲ್ಲಿ ಇಡೀ ಭಾಷೆಯನ್ನೇ ಮರೆಯುತ್ತವೆ. ಮುಕ್ಕಾಲು ಭಾಗ ದಾಟಿದ ಮೇಲೆ ಪ್ರೇಮಿಗಳು ಬೇರೆಯಾಗುವ ಘಟ್ಟ ಇದ್ದೇ ಇರುತ್ತದೆ, ಅದು ನಿಜವಾಗಿ ನೋಯಿಸದಿದ್ದರೆ ಪುಸ್ತಕ ಬಿದ್ದುಹೋದಂತೆ. ಓದುಗರಿಗೆ ಕೊನೆ ಗೊತ್ತು. ದಾರಿ ಗೊತ್ತಿಲ್ಲ. ಕೊನೆ ಗೊತ್ತಿದ್ದೂ ನಡುರಾತ್ರಿವರೆಗೆ ಅವರನ್ನು ಎಚ್ಚರ ಇಡಬೇಕು. ಇದು ಸುಲಭ ಅಂತ ಹೇಳುವವರು ಒಂದು ಅಧ್ಯಾಯ ಬರೆದು ಕಳಿಸಲಿ, ಖುಷಿಯಿಂದ ಓದುತ್ತೇನೆ.

ಹಾಗಾದರೆ ದುಃಖಾಂತ್ಯ ಬರೆಯುವುದೇ ಇಲ್ವಾ? ಬರೆದರೂ ಬರೆದೇನು. ಒಬ್ಬ ಮುದುಕ ಮಂತ್ರವಾದಿ, ಅವನ ತೀರಿಕೊಂಡ ಗೆಳೆಯ, ಇಂಥದ್ದೊಂದು ಕತೆ ತಲೆಯಲ್ಲಿದೆ. ಆದರೆ ಅದರ ಮುಖಪುಟದ ಮೇಲೆ ರೋಮ್ಯಾನ್ಸ್ ಅಂತ ಹಾಕಿಸುವುದಿಲ್ಲ. ಬೆನ್ನುಡಿಯ ಮೊದಲ ಸಾಲಿನಲ್ಲೇ ಗೆಳೆಯ ಸತ್ತಿದ್ದಾನೆ ಅಂತ ಹೇಳಿಬಿಡುತ್ತೇನೆ.