ಎರಡನೇ ರ‍್ಯಾಮ್ ಸ್ಲಾಟ್ ಖಾಲಿ ಬಿಡಬೇಡಿ

ಮೈಸೂರು, ಮಂಡ್ಯದ ಇಂಜಿನಿಯರಿಂಗ್ ವಿದ್ಯಾರ್ಥಿಗಳು ಎಐ ಪ್ರಾಜೆಕ್ಟಿಗೆ ಲ್ಯಾಪ್‌ಟಾಪ್ ಕೊಳ್ಳುವಾಗ ಮೊದಲು ಕೇಳುವುದು ಪ್ರೊಸೆಸರ್ ಯಾವುದು ಅಂತ. ಗ್ರಾಫಿಕ್ಸ್ ಕಾರ್ಡ್ ಇಲ್ಲದ ಮಷೀನಾದರೆ ಅದಕ್ಕೂ ಮೊದಲು ರ‍್ಯಾಮ್ ನೋಡಿ.

ಲ್ಯಾಪ್‌ಟಾಪಿನಲ್ಲೇ ಓಡಿಸುವ ಭಾಷಾ ಮಾಡೆಲ್ (ಚಾಟ್‌ಬಾಟ್‌ಗಳ ಹಿಂದಿನ ಎಐ) ಒಂದೊಂದು ಟೋಕನ್, ಅಂದರೆ ಪದ ಅಥವಾ ಪದದ ಚೂರು, ಬರೆಯಲೂ ಸಾಮಾನ್ಯವಾಗಿ ತನ್ನ ವೇಯ್ಟ್ಸ್ (ಕಲಿತದ್ದನ್ನು ಹಿಡಿದಿಟ್ಟ ಸಂಖ್ಯೆಗಳು) ಅಷ್ಟನ್ನೂ ಮೆಮೊರಿಯಿಂದ, ಅಂದರೆ ರ‍್ಯಾಮಿನಿಂದ, ಓದಬೇಕು. 700 ಕೋಟಿ ಪ್ಯಾರಾಮೀಟರಿನ (ಅಂದರೆ ಅಷ್ಟು ವೇಯ್ಟ್ಸ್ ಇರುವ) ಮಾಡೆಲನ್ನು ವೇಯ್ಟ್ ಒಂದಕ್ಕೆ 4 ಬಿಟ್‌ಗೆ ಇಳಿಸಿದರೆ ಸುಮಾರು 4 ಜಿಬಿ ಆಗುತ್ತದೆ. ಡಿಡಿಆರ್4-3200 ರ‍್ಯಾಮಿನ (ಡಿಡಿಆರ್4 ಅದರ ಬಗೆ, 3200 ವೇಗ) ಒಂದೇ ಸ್ಟಿಕ್ ಇದ್ದರೆ ಸೆಕೆಂಡಿಗೆ ಓದಲಾಗುವುದು ಹೆಚ್ಚೆಂದರೆ 25.6 ಜಿಬಿ. ಭಾಗಿಸಿ ನೋಡಿ, ಸೆಕೆಂಡಿಗೆ 6 ಟೋಕನ್ ದಾಟುವುದು ಕಷ್ಟ. ಪ್ರೊಸೆಸರಿಗೆ ಎಷ್ಟು ಕೋರ್ ಇದ್ದರೂ ಡೇಟಾ ಬರುವ ತನಕ ಕಾಯಲೇಬೇಕು. ಅಂಥದ್ದೇ ಇನ್ನೊಂದು ಸ್ಟಿಕ್ ಕೂರಿಸಿದರೆ ಡ್ಯುಯಲ್ ಚಾನೆಲ್ ಆಗಿ, ಅಂದರೆ ಎರಡು ದಾರಿಯಲ್ಲಿ ಒಟ್ಟಿಗೆ ಓದಿ, 51.2 ಜಿಬಿ, ಮಿತಿ 12 ಟೋಕನ್ನಿಗೆ ಏರುತ್ತದೆ. ಡೇಟಾ ಸೆಂಟರುಗಳಲ್ಲಿ ಬಳಸುವ ಎಐ ಚಿಪ್ ಎನ್ವಿಡಿಯಾ ಎಚ್100ರ ಎಚ್‌ಬಿಎಂ3 ಮೆಮೊರಿ ಸೆಕೆಂಡಿಗೆ 3.35 ಟಿಬಿ ಕೊಡುತ್ತದೆ. ಅಲ್ಲೂ ಲೆಕ್ಕ ಇದೇ.

ಕನ್ನಡದಲ್ಲಿ ಕೆಲಸ ಮಾಡುವವರಿಗೆ ಇದು ಇನ್ನೂ ಮುಖ್ಯ. ಯುಟಿಎಫ್-8ರಲ್ಲಿ (ಕಂಪ್ಯೂಟರ್ ಅಕ್ಷರಗಳನ್ನು ಉಳಿಸುವ ಪದ್ಧತಿ) ಕನ್ನಡದ ಒಂದೊಂದು ಕೋಡ್‌ಪಾಯಿಂಟಿಗೂ (ಅಕ್ಷರ ಅಥವಾ ಚಿಹ್ನೆಗೆ ಕೊಟ್ಟ ಸಂಖ್ಯೆ) 3 ಬೈಟ್ ಬೇಕು, ಒತ್ತಕ್ಷರ ಬಂದರೆ ಎರಡು ಕೋಡ್‌ಪಾಯಿಂಟ್ ಹೆಚ್ಚು. ಕನ್ನಡಕ್ಕೆಂದು ತಯಾರಾಗದ ಟೋಕನೈಸರ್ (ಬರಹವನ್ನು ಟೋಕನ್‌ಗಳಾಗಿ ಒಡೆಯುವ ಭಾಗ) ಪದಗಳನ್ನು ಚೂರುಚೂರು ಮಾಡುತ್ತದೆ. ಟೋಕನ್ ಹೆಚ್ಚಾಗುವುದರಿಂದ ಅದೇ ಮಾತು ಇಂಗ್ಲಿಷಿಗಿಂತ ಬಹಳ ನಿಧಾನವಾಗಿ ಪರದೆಗೆ ಬರುತ್ತದೆ.

ವಿಂಡೋಸಿನಲ್ಲಿ ಟಾಸ್ಕ್ ಮ್ಯಾನೇಜರ್ ತೆರೆದು ಪರ್ಫಾರ್ಮೆನ್ಸ್, ಮೆಮೊರಿ ಒತ್ತಿ. ಬಳಸಿದ ಸ್ಲಾಟ್ 2ರಲ್ಲಿ 1 ಅಂತಿದ್ದರೆ ಒಂದು ಖಾಲಿ ಇದೆ ಎಂದರ್ಥ. ಎಲ್‌ಪಿಡಿಡಿಆರ್ (ಕಡಿಮೆ ವಿದ್ಯುತ್ ಬಳಸುವ ರ‍್ಯಾಮ್) ಇದ್ದರೆ ಸಾಮಾನ್ಯವಾಗಿ ಬೋರ್ಡಿಗೇ ಬೆಸುಗೆ ಹಾಕಿರುತ್ತಾರೆ. ಆಮೇಲೆ ಸೇರಿಸಲಾಗದು, ಕೊಳ್ಳುವಾಗಲೇ 16 ಜಿಬಿ ತೆಗೆದುಕೊಳ್ಳಿ. 8 ಜಿಬಿ ಬೆಸುಗೆಯಾಗಿದ್ದು ಸ್ಲಾಟಿಗೆ 16 ಹಾಕಿದರೆ ಸಾಮಾನ್ಯವಾಗಿ 16 ಜಿಬಿಯಷ್ಟು ಭಾಗ ಡ್ಯುಯಲ್ ಚಾನೆಲ್ಲಿನಲ್ಲಿ, ಮಿಕ್ಕ 8 ಸಿಂಗಲ್ಲಿನಲ್ಲಿ ಓಡುತ್ತದೆ.

ಡಿಡಿಆರ್4 ಸ್ಲಾಟಿಗೆ ಡಿಡಿಆರ್5 ಕೂರುವುದಿಲ್ಲ, ಕಚ್ಚಿನ ಜಾಗವೇ ಬೇರೆ. ಒಂದು 2666, ಇನ್ನೊಂದು 3200 ಆದರೆ ಎರಡೂ 2666ಕ್ಕೇ ಇಳಿಯುತ್ತವೆ. ಆದ್ದರಿಂದ ಹಳೇ ಸ್ಟಿಕ್ಕಿನ ಲೇಬಲ್ ಫೋಟೋ ತೆಗೆದುಕೊಂಡೇ ಅಂಗಡಿಗೆ ಹೋಗಿ.

ಹಾಕುವ ಮೊದಲು ಪೂರ್ತಿ ಶಟ್‌ಡೌನ್ ಮಾಡಿ, ಚಾರ್ಜರ್ ತೆಗೆದು, ಒಳಗಿನ ಬ್ಯಾಟರಿ ಕನೆಕ್ಟರ್ ಬಿಡಿಸಿ. ಬ್ಯಾಟರಿ ಬಿಡಿಸದೆ ರ‍್ಯಾಮ್ ಮುಟ್ಟುವುದು ಬೋರ್ಡನ್ನೇ ಪಣಕ್ಕಿಟ್ಟ ಹಾಗೆ. ಸ್ಟಿಕ್ಕನ್ನು ಓರೆಯಾಗಿ ಚಿನ್ನದ ಬಣ್ಣದ ಪಟ್ಟಿ ಮರೆಯಾಗುವ ತನಕ ತಳ್ಳಿ, ಆಮೇಲೆ ಕೆಳಗೆ ಒತ್ತಿ. ಎರಡೂ ಬದಿಯ ಕ್ಲಿಪ್ ಟಕ್ ಅನ್ನಬೇಕು. ಮೊದಲ ಸಲ ಆನ್ ಮಾಡಿದಾಗ, ಅದರಲ್ಲೂ ಡಿಡಿಆರ್5ನಲ್ಲಿ, ಪರದೆ ಒಂದೆರಡು ನಿಮಿಷ ಕಪ್ಪಗೇ ಇರಬಹುದು. ಅದು ಮೆಮೊರಿ ಟ್ರೈನಿಂಗ್, ಅಂದರೆ ಹೊಸ ಸ್ಟಿಕ್ಕಿಗೆ ಮಷೀನು ಹೊಂದಿಕೊಳ್ಳುವುದು. ಗಾಬರಿಯಾಗಿ ಪವರ್ ಬಟನ್ ಒತ್ತಬೇಡಿ. ಆಮೇಲೂ ಏನೂ ಬರದಿದ್ದರೆ ಬಹುಪಾಲು ಸ್ಟಿಕ್ ಸರಿಯಾಗಿ ಕೂತಿರುವುದಿಲ್ಲ.

ಆನ್ ಆದ ಮೇಲೆ ರ‍್ಯಾಮ್ ಪರೀಕ್ಷಿಸುವ ಮೆಮ್‌ಟೆಸ್ಟ್86 ಅನ್ನು ಪೆನ್‌ಡ್ರೈವಿಗೆ ಹಾಕಿ ರಾತ್ರಿಯಿಡೀ ಓಡಿಸಿ. ಒಂದೇ ಒಂದು ಎರರ್ ಬಂದರೂ ಸ್ಟಿಕ್ ವಾಪಸ್ ಕೊಡಿ, ಬಿಲ್ ಇಟ್ಟುಕೊಂಡಿರಿ.